ಅಚೌರ್ಯಾಣುವ್ರತ ಮತ್ತು ಆಟದ ಹೊನ್ನು



ಕಳೆದ ವರ್ಷ ದಶಲಕ್ಷಣ ಪರ್ವವು ಮುಗಿದು, ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಪರಸ್ಪರ ಕ್ಷಮೆ ಯಾಚಿಸಿ ಮನೆಗೆ ಮರಳಿದ ಮೇಲೆ, ಹದಿನಾರು ವರ್ಷದ ನನ್ನ ಮೊಮ್ಮಗನು ಬಳಿ ಬಂದು ಕುಳಿತು, "ತಾತ, ಯಾರೆಂದು ಗೊತ್ತಿಲ್ಲದವರ ಬಳಿ ಕ್ಷಮೆ ಕೇಳುವುದು ಹೇಗೆ?" ಎಂದು ಪ್ರಶ್ನಿಸಿದನು. ಸಕಲ ಜೀವರಾಶಿಯನ್ನೂ ಕುರಿತು ಕ್ಷಮೆ ಬೇಡುವ ಪಾಠವು ನಮ್ಮಲ್ಲಿ ಉಂಟಲ್ಲವೆ ಎಂದು ನಾನು ಉಪಾಧ್ಯಾಯನ ಹಳೆಯ ಅಭ್ಯಾಸದಂತೆ ಸಿದ್ಧವಾದ ಉತ್ತರವನ್ನು ಒಪ್ಪಿಸಿದೆನು. ಅವನು ತಲೆಯಾಡಿಸಿ, "ಎಲ್ಲರೂ ಅಲ್ಲ ತಾತ, ಒಬ್ಬನೇ ಒಬ್ಬನಿದ್ದಾನೆ. ಅವನ ವಸ್ತು ನನ್ನ ಕೈಗೆ ಬಂದಿತ್ತು" ಎಂದನು.

ನಡೆದುದು ಇಷ್ಟು. ಅವನು ಕಂಪ್ಯೂಟರಿನಲ್ಲಿ ಒಂದು ಆಟವನ್ನು ಆಡುತ್ತಾನೆ. ನಾವು ಚಾವಡಿಯಲ್ಲಿ ಕುಳಿತು ಆಡುತ್ತಿದ್ದ ಚೌಕಾಬಾರದಂತೆ ನಾಲ್ವರ ಆಟವಲ್ಲ ಅದು. ಹಲವು ದೇಶಗಳ ಸಾವಿರಾರು ಜನರು ಇಂಟರ್‌ನೆಟ್ಟಿನ ಮೂಲಕ ಒಂದೇ ಕಲ್ಪಿತ ರಾಜ್ಯದಲ್ಲಿ ಏಕಕಾಲದಲ್ಲಿ ಸಂಚರಿಸುವ ಆಟ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ವೇಷವುಂಟು, ಆಯುಧ ಆಭರಣಗಳುಂಟು, ಹೊನ್ನಿನ ನಾಣ್ಯಗಳುಂಟು. ಹೊನ್ನನ್ನು ಸಂಪಾದಿಸಬೇಕಾದರೆ ದಿನಗಟ್ಟಲೆ ಅಲೆದು ದುಡಿಯಬೇಕು. ಹತ್ತನೆಯ ತರಗತಿಯಲ್ಲಿ ಉತ್ತಮವಾಗಿ ತೇರ್ಗಡೆಯಾದನೆಂಬ ಸಂತೋಷದಿಂದ ನಾನು ಕೊಟ್ಟಿದ್ದ ಎರಡು ಸಾವಿರ ರೂಪಾಯಿಗಳಲ್ಲಿ ಒಂದು ಭಾಗವನ್ನು ಅವನು ಯಾರೋ ವ್ಯಾಪಾರಿಗೆ ಕಳುಹಿಸಿ, ಅಗ್ಗದ ದರಕ್ಕೆ ಆಟದ ಹೊನ್ನನ್ನು ಕೊಂಡಿದ್ದನು. ವಾರ ಕಳೆಯುವಷ್ಟರಲ್ಲಿ ಆಟದ ಸಂಸ್ಥೆಯವರು ಆ ಹೊನ್ನನ್ನು ಹಿಂತೆಗೆದುಕೊಂಡು, ಇವನ ಖಾತೆಯನ್ನು ಕೆಲವು ದಿನಗಳವರೆಗೆ ಮುಚ್ಚಿ, ಆ ಹೊನ್ನು ಬೇರೊಬ್ಬ ಆಟಗಾರನ ಖಾತೆಯನ್ನು ಮುರಿದು ತೆಗೆದುದೆಂದು ತಿಳಿಸಿದರು.

ಮನೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. "ಆಟದ ದುಡ್ಡಿಗೆ ಕಳ್ಳತನವೆಲ್ಲಿಯದು?" ಎಂದು ಅವನ ಅಜ್ಜಿ ನಕ್ಕರು. ಸಂಸ್ಥೆಯ ನಿಯಮ ಮೀರಿದ್ದಕ್ಕೆ ದಂಡವಾಯಿತು, ಅಲ್ಲಿಗೆ ಮುಗಿಯಿತು ಎಂದು ಅವನ ತಂದೆ ಹೇಳಿದನು. ಆದರೆ ಇಪ್ಪತ್ತೆರಡು ವರ್ಷಗಳ ಹಿಂದೆ ಮುನಿಮಹಾರಾಜರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿದ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಕೊಟ್ಟ ಹಣ ನನ್ನದು. ನನ್ನ ವ್ರತಕ್ಕೆ ಇದರಿಂದ ಕಳಂಕ ತಟ್ಟಿತೋ ಇಲ್ಲವೋ ಎಂಬುದನ್ನು ನಿರ್ಣಯಿಸದೆ ಮುಂದಿನ ಪ್ರತಿಕ್ರಮಣದಲ್ಲಿ ಕುಳಿತುಕೊಳ್ಳುವುದಾದರೂ ಹೇಗೆ? ಆ ವಿಚಾರದ ಫಲವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯ ಆಕ್ಷೇಪವು ಮನೆಯಾಕೆಯದೇ: ವಸ್ತುವೇ ಇಲ್ಲದಲ್ಲಿ ಕಳವೆಲ್ಲಿಯದು? ಮುಟ್ಟಲಾಗದ, ತೂಗಲಾಗದ, ಪೆಟ್ಟಿಗೆಯಲ್ಲಿಡಲಾಗದ ಹೊನ್ನು ಹೊನ್ನೇ ಅಲ್ಲವಷ್ಟೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣವನ್ನು ಹೇಳುವಾಗ ವಸ್ತುವಿನ ತೂಕವನ್ನಾಗಲಿ ಬೆಲೆಯನ್ನಾಗಲಿ ಹೆಸರಿಸಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಎಂದರೆ ಅದತ್ತಾದಾನ, ಇಷ್ಟೇ ಅಲ್ಲಿಯ ಲಕ್ಷಣ. ಈ ಸೂತ್ರದ ಮೇಲೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಂದು ಸೂಕ್ಷ್ಮವಾದ ಶಂಕೆಯನ್ನು ಎತ್ತುತ್ತಾರೆ. ಜೀವನು ಪ್ರತಿಕ್ಷಣವೂ ಕರ್ಮಪರಮಾಣುಗಳನ್ನು ಗ್ರಹಿಸುತ್ತಾನೆ. ಅವನ್ನು ಯಾರೂ ಅವನಿಗೆ ಕೊಟ್ಟಿಲ್ಲ. ಹಾಗಾದರೆ ಅದೂ ಕಳವಾಗಬೇಕಲ್ಲವೆ? ಆಗದು, ಎಲ್ಲಿ ಕೊಡುವ ತೆಗೆದುಕೊಳ್ಳುವ ವ್ಯವಹಾರವು ಸಂಭವಿಸುವುದೋ ಅಲ್ಲಿ ಮಾತ್ರ ಕಳವೆಂಬ ಮಾತು ಸಲ್ಲುತ್ತದೆ ಎಂಬುದು ಅವರ ಸಮಾಧಾನ. ಮುಂದುವರಿದು, ಸಂಕ್ಲೇಶಪರಿಣಾಮದಿಂದ ಪ್ರವೃತ್ತಿಯುಂಟಾದರೆ, ಹೊರಗಿನ ವಸ್ತುವು ಕೈಸೇರಿದರೂ ಸೇರದಿದ್ದರೂ, ಅದು ಸ್ತೇಯವೇ ಎಂದು ಅವರು ನಿರ್ಣಯಿಸುತ್ತಾರೆ.

ಈ ಅಳತೆಗೋಲನ್ನು ಆಟದ ಹೊನ್ನಿಗೆ ಹಿಡಿದು ನೋಡೋಣ. ಅದನ್ನು ಒಬ್ಬನು ಕೊಡಬಲ್ಲನೆ? ಕೊಡಬಲ್ಲನು. ಮತ್ತೊಬ್ಬನು ಪಡೆಯಬಲ್ಲನೆ? ಪಡೆಯಬಲ್ಲನು. ಕೊಟ್ಟ ಮೇಲೆ ಕೊಟ್ಟವನಲ್ಲಿ ಅದು ಉಳಿಯುವುದೆ? ಉಳಿಯುವುದಿಲ್ಲ. ಇಷ್ಟಾದ ಮೇಲೆ ಕಳವಿಗೆ ಬೇಕಾದ ನೆಲೆ ಸಿದ್ಧವಾಯಿತು. ಮೇಲಾಗಿ, ಶಬ್ದ, ನೆರಳು, ಬೆಳಕು, ಕತ್ತಲೆ ಇವೆಲ್ಲವೂ ಪುದ್ಗಲದ ಪರ್ಯಾಯಗಳೆಂದು ಬಾಲ್ಯದಿಂದ ಪಾಠ ಹೇಳಿಸಿಕೊಂಡ ನಮಗೆ, ಯಂತ್ರದೊಳಗಿನ ವಿದ್ಯುತ್ತಿನ ಗುರುತೊಂದು "ಏನೂ ಅಲ್ಲ" ಎನ್ನುವ ಅಧಿಕಾರವೇ ಇಲ್ಲ.

ಈ ಪ್ರಶ್ನೆಯು ನೆದರ್ಲೆಂಡ್ಸ್ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತೆಂಬುದು ಸ್ವಾರಸ್ಯಕರ. ೨೦೦೭ರಲ್ಲಿ ಆ ದೇಶದ ಲೇವಾರ್ಡನ್ ಪಟ್ಟಣದಲ್ಲಿ ಇಬ್ಬರು ಹುಡುಗರು ಹದಿಮೂರು ವರ್ಷದ ಸಹಪಾಠಿಯೊಬ್ಬನನ್ನು ಹೊಡೆದು, ಚಾಕು ತೋರಿಸಿ ಬೆದರಿಸಿ, ರೂನ್‌ಸ್ಕೇಪ್ ಎಂಬ ಆಟದಲ್ಲಿ ಅವನು ಗಳಿಸಿದ್ದ ಒಂದು ತಾಯಿತವನ್ನೂ ಒಂದು ಮುಖವಾಡವನ್ನೂ ತಮ್ಮ ವಶಕ್ಕೆ ಬಿಡಿಸಿಕೊಂಡರು. ಇವು ಮುಟ್ಟಲಾಗದವು, ಬೆಲೆಯಿಲ್ಲದವು, ಆದುದರಿಂದ ಕಳವಾಗಲಾರವು ಎಂದು ಆರೋಪಿಯ ಪರವಾಗಿ ವಾದಿಸಲಾಯಿತು. ೨೦೧೨ರ ಜನವರಿ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಹುಡುಗನು ತನ್ನ ಕಾಲವನ್ನೂ ಶ್ರಮವನ್ನೂ ವ್ಯಯಿಸಿ ಅವನ್ನು ಸಂಪಾದಿಸಿದ್ದನು. ಅವನಿಗೆ ಅವು ಬೆಲೆಯುಳ್ಳವಾಗಿದ್ದವು. ಅವುಗಳ ಮೇಲಿನ ಹಿಡಿತವು ಅವನ ಕೈತಪ್ಪಿ ಇನ್ನೊಬ್ಬರ ಕೈಸೇರಿತು. ಆದುದರಿಂದ ಕಳವು ಸಿದ್ಧವೆಂದು ತೀರ್ಪಾಯಿತು. ಇದಕ್ಕೆ ಹಳೆಯ ಆಧಾರವೂ ಇತ್ತು. ೧೯೨೧ರಲ್ಲಿ, ಮೀಟರನ್ನು ಸೂಜಿಯಿಂದ ತಡೆದು ವಿದ್ಯುತ್ತನ್ನು ಬಳಸಿಕೊಂಡ ಹೇಗ್ ನಗರದ ದಂತವೈದ್ಯನೊಬ್ಬನ ಮೊಕದ್ದಮೆಯಲ್ಲಿ, ವಿದ್ಯುತ್ತನ್ನೂ ಕದಿಯಬಹುದೆಂದು ಅದೇ ನ್ಯಾಯಾಲಯವು ಹೇಳಿತ್ತು.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನವನ್ನು ಮನುಷ್ಯನ ಹೊರಗೆ ಸಂಚರಿಸುವ ಪ್ರಾಣವೆಂದು ಕರೆದು, ಧನವನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆಂದು ಹೇಳಿರುವುದನ್ನು ಇಲ್ಲಿ ಸ್ಮರಿಸಬೇಕು. ಆ ಬಾಲಕನ ತಾಯಿತದಲ್ಲಿ ಚಿನ್ನವಿರಲಿಲ್ಲ ನಿಜ, ಆದರೆ ಅವನ ಆಯುಷ್ಯದ ಒಂದು ಭಾಗವಿತ್ತು. ಆ ಭಾಗವನ್ನು ಅವನು ವ್ಯರ್ಥವಾಗಿ ಕಳೆದನೆಂದು ನಾವು ದೂರಬಹುದು. ಅದು ಅವನ ಪ್ರಮಾದಕ್ಕೆ ಸಂಬಂಧಿಸಿದ ಮಾತು. ಕದ್ದವನಿಗೆ ಅದರಿಂದ ಯಾವ ರಿಯಾಯಿತಿಯೂ ದೊರಕದು.

ಎರಡನೆಯ ಆಕ್ಷೇಪ: ಆಟದ ಹೊನ್ನು ಆಟಗಾರನದೇ ಅಲ್ಲ, ಸಂಸ್ಥೆಯದು. ಬಹುಪಾಲು ಸಂಸ್ಥೆಗಳು ತಮ್ಮ ಕರಾರುಪತ್ರದಲ್ಲಿ ಹಾಗೆಯೇ ಬರೆದುಕೊಂಡಿವೆ. ಆಟಗಾರನಿಗೆ ಉಪಯೋಗದ ಅನುಮತಿ ಮಾತ್ರ. ಇರಲಿ. ಗ್ರಂಥಾಲಯದಿಂದ ನಾನು ಎರವಲು ತಂದ ಗ್ರಂಥವನ್ನು ನನ್ನ ಜಗಲಿಯಿಂದ ಒಬ್ಬನು ಎತ್ತಿಕೊಂಡು ಹೋದರೆ, ಗ್ರಂಥವು ನನ್ನದಲ್ಲವೆಂಬ ಕಾರಣಕ್ಕೆ ಅವನು ಸಾಧುವಾಗುವನೆ? ಕಳ್ಳನಿಗೆ ಯಾರೂ ಕೊಡಲಿಲ್ಲವೆಂಬುದೇ ಇಲ್ಲಿ ಮುಖ್ಯ. ಬೀಜಿಂಗ್ ನಗರದಲ್ಲಿ ಇಂತಹುದೇ ವ್ಯಾಜ್ಯ ನಡೆಯಿತು. ಎರಡು ವರ್ಷ ಆಡಿ, ಹತ್ತು ಸಾವಿರ ಯುವಾನ್‌ಗಳಷ್ಟು ಹಣವನ್ನೂ ಸುರಿದು ಒಬ್ಬನು ಕೂಡಿಟ್ಟ ಆಯುಧಗಳನ್ನು ೨೦೦೩ರಲ್ಲಿ ಯಾರೋ ಅವನ ಖಾತೆಯೊಳಗೆ ನುಗ್ಗಿ ಕದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯವು ಆಟದ ಸಂಸ್ಥೆಯೇ ಅವನ್ನು ಅವನಿಗೆ ಮರಳಿಸಬೇಕೆಂದು ಆಜ್ಞಾಪಿಸಿತು.

ಮೂರನೆಯ ಆಕ್ಷೇಪವನ್ನು ಎತ್ತಿದವನು ಮೊಮ್ಮಗನೇ. ಎಷ್ಟೋ ಆಟಗಳಲ್ಲಿ ಸುಲಿಗೆಯೇ ಆಟದ ನಿಯಮ, ಸೋತವನ ಹೊನ್ನನ್ನು ಗೆದ್ದವನು ದೋಚುತ್ತಾನೆ, ಅದು ಕಳವಲ್ಲವೆ ಎಂದು ಕೇಳಿದನು. ಕಬಡ್ಡಿಯ ಅಂಕಣದಲ್ಲಿ ಎದುರಾಳಿಯ ಕಾಲು ಹಿಡಿದು ಕೆಡವುವುದಕ್ಕೂ, ಬೀದಿಯಲ್ಲಿ ಹೋಗುವವನ ಕಾಲು ಹಿಡಿದು ಕೆಡವುವುದಕ್ಕೂ ಇರುವ ಅಂತರವೇ ಇದಕ್ಕೆ ಉತ್ತರ. ಅಂಕಣಕ್ಕೆ ಇಳಿದವನು ಆ ಹಿಡಿತಕ್ಕೆ ಮೊದಲೇ ಒಪ್ಪಿರುತ್ತಾನೆ. ಅದು ಒಂದು ಅರ್ಥದಲ್ಲಿ ಕೊಟ್ಟದ್ದೇ. ಆದರೆ ತನ್ನ ಪಾಸ್‌ವರ್ಡನ್ನು ಕದಿಯಲು ಯಾವ ಆಟಗಾರನೂ ಒಪ್ಪಿರುವುದಿಲ್ಲ. ಲೇವಾರ್ಡನ್ನಿನ ಹುಡುಗರು ಮಾಡಿದುದು ಆಟದ ನಿಯಮದೊಳಗಿನ ಕ್ರಿಯೆಯಲ್ಲವೆಂಬುದನ್ನು ಡಚ್ ನ್ಯಾಯಾಲಯವೂ ಗಮನಿಸಿತ್ತು. ಆಟದೊಳಗಿನ ಹಿಂಸೆಯ ಭಾವನೆಯು ಮನಸ್ಸಿಗೆ ಹಿತವೇ ಎಂಬುದು ಅನರ್ಥದಂಡದ ಪ್ರಕರಣದಲ್ಲಿ ಚರ್ಚಿಸಬೇಕಾದ ಬೇರೆ ವಿಷಯ.

ಹೀಗೆ ಖಾತೆ ಮುರಿದವನು ಕಳ್ಳನೆಂಬುದು ಸಿದ್ಧವಾಯಿತು. ಇನ್ನು ಅವನಿಂದ ಹೊನ್ನು ನನ್ನ ಮೊಮ್ಮಗನವರೆಗೆ ಹರಿದುಬಂದ ಮಾರ್ಗವನ್ನು ನೋಡಬೇಕು.

ಆಟದ ಹೊನ್ನನ್ನು ನಿಜವಾದ ಹಣಕ್ಕೆ ಮಾರುವ ವ್ಯಾಪಾರವು ಈ ಶತಮಾನದ ಆರಂಭದಲ್ಲಿಯೇ ಬೆಳೆಯಿತು. ೨೦೦೪ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟವು ಬಂದ ಮೇಲೆ ಅದು ಇನ್ನೂ ಹಬ್ಬಿತು. ಅಮೆರಿಕ ಯೂರೋಪುಗಳ ಆಟಗಾರನಿಗೆ ಹಣವುಂಟು, ಸಮಯವಿಲ್ಲ. ಚೀನಾದ ಬಡ ತರುಣನಿಗೆ ಸಮಯವುಂಟು, ಹಣವಿಲ್ಲ. ಅಲ್ಲಿ ಕೊಠಡಿಗಳಲ್ಲಿ ಸಾಲಾಗಿ ಕುಳಿತು, ದಿನಕ್ಕೆ ಹನ್ನೆರಡು ಗಂಟೆಗಳ ಪಾಳಿಯಲ್ಲಿ ಆಟದ ಹೊನ್ನನ್ನು ಕೂಡಿಸಿ ಮಾಲಿಕನಿಗೆ ಒಪ್ಪಿಸುವ ಕೂಲಿಗಳು ಹುಟ್ಟಿಕೊಂಡರು. ಹಗಲು ಕಠಿಣ ದುಡಿಮೆ ಮಾಡಿದ ಕೈದಿಗಳನ್ನು ರಾತ್ರಿಯೂ ಕೂರಿಸಿ ಆಡಿಸುತ್ತಿದ್ದರೆಂದೂ, ನಿಗದಿಯಾದಷ್ಟು ಗಳಿಸದವರಿಗೆ ಶಿಕ್ಷೆಯಾಗುತ್ತಿತ್ತೆಂದೂ ಚೀನಾದ ಕಾರ್ಮಿಕ ಶಿಬಿರವೊಂದರಲ್ಲಿದ್ದ ಮಾಜಿ ಕೈದಿಯೊಬ್ಬನು ೨೦೧೧ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಗೆ ತಿಳಿಸಿದನು.

ಇಲ್ಲೊಂದು ವಿವೇಚನೆ ಅವಶ್ಯಕ. ಪಾಳಿಯಲ್ಲಿ ಕುಳಿತು ದುಡಿದ ತರುಣನು ಸಂಸ್ಥೆಯ ನಿಯಮವನ್ನು ಮೀರಿದ್ದರೂ, ಯಾರ ಪೆಟ್ಟಿಗೆಗೂ ಕೈಹಾಕಲಿಲ್ಲ. ಅವನನ್ನು ಕಳ್ಳನೆಂದು ಕರೆದು ನಾವು ಪುಣ್ಯವಂತರೆನಿಸಿಕೊಳ್ಳಬಾರದು. ಆದರೆ ದುಡಿಯುವುದಕ್ಕಿಂತ ಕದಿಯುವುದು ಶೀಘ್ರವೆಂಬುದು ಈ ಪೇಟೆಗೂ ಬಹಳ ಬೇಗ ತಿಳಿಯಿತು. ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಪತ್ರವನ್ನು ಕಳುಹಿಸುವುದು, ಸಂಸ್ಥೆಯದರಂತೆಯೇ ಕಾಣುವ ನಕಲಿ ಬಾಗಿಲನ್ನು ನಿಲ್ಲಿಸಿ ಪಾಸ್‌ವರ್ಡನ್ನು ಬರೆಯಿಸಿಕೊಳ್ಳುವುದು, ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ದಾಖಲಿಸುವ ತಂತ್ರಾಂಶವನ್ನು ಕಂಪ್ಯೂಟರಿನೊಳಗೆ ತೂರಿಸುವುದು, ಇವು ಮುಖ್ಯವಾದ ಉಪಾಯಗಳು. ಒಳಹೊಕ್ಕವನು ಆಭರಣ ಆಯುಧಗಳನ್ನು ಮಾರಿ ಹೊನ್ನು ಮಾಡಿಕೊಂಡು, ಅದನ್ನು ಹಲವು ಖಾತೆಗಳ ಮೂಲಕ ಹಾಯಿಸಿ ಮೂಲದ ಜಾಡನ್ನು ಅಳಿಸುತ್ತಾನೆ. ಆ ಬಳಿಕ ಅದು ದುಡಿದವನ ಹೊನ್ನಿನೊಡನೆ ಬೆರೆತು ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದಲ್ಲಿ ಹೊಳೆಯುತ್ತದೆ. ಕೊಳ್ಳುವವನಿಗೆ ಕಾಣುವುದು ದರ ಮಾತ್ರ.

ಸುಮಾರು ಒಂದೂವರೆ ಸಹಸ್ರ ವರ್ಷಗಳಿಗೂ ಹಿಂದೆ ಹೇಳಿದ ಅಚೌರ್ಯಾಣುವ್ರತದ ಪಂಚಾತಿಚಾರಗಳು ಈ ಪೇಟೆಯನ್ನು ನೋಡಿಯೇ ಬರೆದವೋ ಎಂಬಂತಿವೆ. ಸ್ತೇನಪ್ರಯೋಗವೆಂದರೆ ಕಳ್ಳನಿಗೆ ಪ್ರೇರಣೆ ಕೊಡುವುದು. ಕಳವಿನ ಸರಕಿಗೆ ಗಿರಾಕಿಯಾಗಿ ನಿಲ್ಲುವುದಕ್ಕಿಂತ ದೊಡ್ಡ ಪ್ರೇರಣೆ ಯಾವುದು? ತದಾಹೃತಾದಾನವೆಂದರೆ ಕಳ್ಳನು ತಂದುದನ್ನು ಸ್ವೀಕರಿಸುವುದು. ನಮ್ಮ ಮನೆಯಲ್ಲಿ ನಡೆದುದು ಇದೇ. ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯವಹಾರ. ಆಟದ ಹಣದಿಂದ ನಿಜವಾದ ಸರಕನ್ನು ಕೊಳ್ಳಬಾರದೆಂದು ಚೀನಾ ಸರಕಾರವು ೨೦೦೯ರಲ್ಲಿ ಕಟ್ಟಳೆ ಮಾಡಿದ ಮೇಲೆಯೂ ಅಲ್ಲಿ ಹಾಗೆ ಕೊಳ್ಳುವವನು, ಒಪ್ಪಿ ಸಹಿ ಮಾಡಿದ ಕರಾರನ್ನು ಮೀರುವ ಆಟಗಾರನು, ಇಬ್ಬರೂ ಇದರ ನೆರಳಿಗೆ ಬರುತ್ತಾರೆ. ಹೀನಾಧಿಕಮಾನೋನ್ಮಾನವೆಂದರೆ ಅಳತೆ ತೂಕಗಳ ಮೋಸ. ಆಟದ ತಂತ್ರದಲ್ಲಿರುವ ದೋಷವನ್ನು ಹಿಡಿದು ಒಂದು ನಾಣ್ಯವನ್ನು ಎರಡಾಗಿಸುವವರು ಇದನ್ನೇ ಮಾಡುತ್ತಾರೆ. ಪ್ರತಿರೂಪಕವ್ಯವಹಾರವೆಂದರೆ ಅಸಲಿನ ಜಾಗದಲ್ಲಿ ನಕಲಿಯನ್ನಿಟ್ಟು ನಡೆಸುವ ವ್ಯವಹಾರ. ನಕಲಿ ಬಾಗಿಲು ಅದಕ್ಕೆ ಸಾಕ್ಷಿ. ಸುಳ್ಳು ಪತ್ರವಂತೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಬರುವ ಕೂಟಲೇಖಕ್ರಿಯೆಯೇ ಸರಿ.

ಅದೇ ಪಟ್ಟಿಯಲ್ಲಿ ನ್ಯಾಸಾಪಹಾರ, ಎಂದರೆ ನಂಬಿ ಇಟ್ಟುದನ್ನು ನುಂಗುವುದು, ಎಂಬ ಇನ್ನೊಂದು ಅತಿಚಾರವುಂಟು. ಶಾಂಘೈ ನಗರದ ಆಟಗಾರನೊಬ್ಬನು ಆಟದ ಖಡ್ಗವೊಂದನ್ನು ಪರಿಚಿತನಿಗೆ ಎರವಲು ಕೊಟ್ಟನು. ಪರಿಚಿತನು ಅದನ್ನು ೭,೨೦೦ ಯುವಾನ್‌ಗಳಿಗೆ ಮಾರಿಬಿಟ್ಟನು. ಪೊಲೀಸರ ಬಳಿ ಹೋದರೆ, ಇದು ಕಾನೂನು ರಕ್ಷಿಸುವ ಸ್ವತ್ತಲ್ಲವೆಂಬ ಉತ್ತರ ದೊರಕಿತು. ಖಡ್ಗ ಕಳೆದುಕೊಂಡವನು ಮಾರಿದವನ ಮನೆಗೆ ಹೋಗಿ ನಿಜವಾದ ಚಾಕುವಿನಿಂದ ಅವನನ್ನು ಇರಿದು ಕೊಂದನು. ಕೊಂದವನ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ "ಆಟದ ಕತ್ತಿಯಷ್ಟೆ" ಎಂದು ನಗುವ ಹಿರಿಯರು ಈ ಘಟನೆಯನ್ನು ನೆನಪಿಡಬೇಕು. ವಸ್ತುವು ಕಲ್ಪಿತವಾಗಿದ್ದರೂ ಕ್ರೋಧ ಮಾನ ಮಾಯಾ ಲೋಭಗಳು ಕಲ್ಪಿತವಲ್ಲ. ಅವುಗಳಿಂದಾಗುವ ಬಂಧವೂ ಕಲ್ಪಿತವಲ್ಲ.

ಇನ್ನು ಕೊಂಡವನ ಪಾಲೆಷ್ಟು? ಕಳವಿನದೆಂದು ಮೊಮ್ಮಗನಿಗೆ ತಿಳಿದಿರಲಿಲ್ಲ. ಅರಿತು ಮಾಡಿದುದಕ್ಕೂ ಅರಿಯದೆ ಮಾಡಿದುದಕ್ಕೂ ನಮ್ಮ ಶಾಸ್ತ್ರವು ಭೇದವನ್ನು ಒಪ್ಪುತ್ತದೆ. ಆದರೆ ನಾನು ಅವನನ್ನು ಒಂದು ಪ್ರಶ್ನೆ ಕೇಳಿದೆನು: "ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾನೆಂದು ನಿನಗೆ ಅನಿಸಲಿಲ್ಲವೆ?" ಅವನು ತಡೆದು, "ಅನಿಸಿತು, ಕೇಳಲಿಲ್ಲ" ಎಂದನು. ಅನಿಸಿದರೂ ಕೇಳದಿರುವುದಕ್ಕೆ ಪ್ರಮಾದವೆಂದು ಹೆಸರು. ಹುಡುಗನು ಸತ್ಯವನ್ನೇ ನುಡಿದನೆಂಬುದರಲ್ಲಿ ನನಗೆ ಸಂತೋಷವಾಯಿತು. ಆ ಕ್ಷಣದಲ್ಲಿಯೇ ನನ್ನ ಪಾಲಿನ ಲೆಕ್ಕವೂ ಎದುರಿಗೆ ಬಂದು ನಿಂತಿತು. ಹಣವನ್ನು ಕೊಟ್ಟಾಗ ಏತಕ್ಕೆಂದು ನಾನೂ ಕೇಳಿರಲಿಲ್ಲ. ಕೊಂಡ ಮೇಲೆ ಅವನು ಸಂಭ್ರಮದಿಂದ ತನ್ನ ವೇಷದ ಹೊಸ ಕವಚವನ್ನು ತೋರಿಸಿದಾಗ "ಭೇಷ್" ಎಂದು ಬೆನ್ನು ತಟ್ಟಿದ್ದೆನು. ಕೃತ, ಕಾರಿತ, ಅನುಮೋದನಗಳೆಂಬ ಮೂರನ್ನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಅರಿಯದೆ ಆದರೂ ಆ ಅನುಮೋದನವು ನನ್ನದೇ.

ನ್ಯಾಯವಾದ ಮಾರ್ಗವಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಮೇಲೆ ಹೇಳಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಸಂಸ್ಥೆಯೇ ೨೦೦೮ರಲ್ಲಿ ಪಾಸ್‌ವರ್ಡಿನ ಜೊತೆಗೆ ಎರಡನೆಯ ಬೀಗದಂತಿರುವ ಸಾಧನವನ್ನು ಒದಗಿಸಿತು. ೨೦೧೫ರಲ್ಲಿ, ತನ್ನ ಮೂಲಕವೇ ಒಬ್ಬನು ಹಣ ತೆತ್ತು ಮತ್ತೊಬ್ಬನಿಂದ ಹೊನ್ನು ಪಡೆಯುವ ಮುಕ್ತವಾದ ಏರ್ಪಾಟನ್ನೂ ಮಾಡಿತು. ಅಲ್ಲಿ ಕೊಡುವವನು ಒಪ್ಪಿ ಕೊಡುತ್ತಾನೆ. ನಮ್ಮ ದೇಶದಲ್ಲಿಯೂ ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡಕ್ಕೂ ಗುರಿಯಾಗುವ ಅಪರಾಧ. ಹಣ ಕಳೆದುಕೊಂಡ ಮನೆಯವರು ನಾಚಿ ಸುಮ್ಮನಿರದೆ ೧೯೩೦ ಎಂಬ ಸಂಖ್ಯೆಗೆ ಕೂಡಲೇ ದೂರವಾಣಿ ಮಾಡಬಹುದು.

ನಮ್ಮ ಮನೆಯಲ್ಲಿ ಮುಂದೇನಾಯಿತೆಂದರೆ, ಆ ಹೊನ್ನಿನ ಒಡೆಯನಿಗೆ ತನ್ನ ಕ್ಷಮಾಯಾಚನೆಯನ್ನು ತಲುಪಿಸಬೇಕೆಂದು ಮೊಮ್ಮಗನು ಸಂಸ್ಥೆಗೆ ಪತ್ರ ಬರೆದನು. ಒಬ್ಬ ಆಟಗಾರನ ವಿವರವನ್ನು ಮತ್ತೊಬ್ಬನಿಗೆ ತಿಳಿಸುವ ಪದ್ಧತಿಯಿಲ್ಲವೆಂಬ ಎರಡು ಸಾಲಿನ ಉತ್ತರ ಬಂದಿತು. ಅದು ಉಚಿತವೇ. ವ್ಯಾಪಾರಿಗೆ ಹೋದ ಹಣ ಮರಳಲಿಲ್ಲ. ಅದನ್ನು ಮರಳಿ ಪಡೆಯುವ ಯತ್ನವನ್ನು ನಾವು ಮಾಡಲೂ ಇಲ್ಲ. ಅಷ್ಟೇ ಮೊತ್ತವನ್ನು ದಾನ ಮಾಡಿದರೆ ಲೆಕ್ಕ ಸರಿಹೋಗುವುದೇ ಎಂದು ಅವನು ಕೇಳಿದನು. ದಾನ ಒಳ್ಳೆಯದೇ, ಆದರೆ ಅದು ಅವನಿಗೆ ಸಲ್ಲಬೇಕಾದ ಸಾಲವನ್ನು ತೀರಿಸದು ಎಂದು ನಾನು ಹೇಳಬೇಕಾಯಿತು. ಮುಂದಿನ ಚತುರ್ದಶಿಯಂದು ನಾನು ಉಪವಾಸವನ್ನೂ ಅವನು ಏಕಾಶನವನ್ನೂ ಕೈಗೊಂಡೆವು. ಮೂಲ ತಿಳಿಯದ ಅಗ್ಗದ ವಸ್ತುವನ್ನು ಕೊಳ್ಳುವುದಿಲ್ಲವೆಂದು ಅವನು ಒಂದು ವರ್ಷದ ನಿಯಮವನ್ನು ಹಿಡಿದನು. ಕೊಟ್ಟ ಹಣದ ದಾರಿಯನ್ನು ಕೇಳದೆ ಇರುವುದಿಲ್ಲವೆಂದು ನಾನು ಹಿಡಿದೆನು.

ಈಗ ಸಂಜೆಯ ಸಾಮಾಯಿಕಕ್ಕೆ ಅವನೂ ನನ್ನ ಬಳಿ ಕುಳಿತುಕೊಳ್ಳುತ್ತಾನೆ. ಕೊನೆಯಲ್ಲಿ ಎಲ್ಲ ಜೀವಗಳನ್ನೂ ಸ್ಮರಿಸಿ ಕ್ಷಮೆ ಕೇಳುವಾಗ, ಎಲ್ಲೋ ಒಂದು ದೇಶದಲ್ಲಿ ಬೆಳಗ್ಗೆ ಎದ್ದು ತನ್ನ ಪೆಟ್ಟಿಗೆ ಬರಿದಾದುದನ್ನು ಕಂಡ ಆ ಒಬ್ಬನನ್ನು ನಾವಿಬ್ಬರೂ ವಿಶೇಷವಾಗಿ ನೆನೆಯುತ್ತೇವೆ. ಅವನ ಹೆಸರು ನಮಗೆ ತಿಳಿಯದು; ಆದರೂ ಅವನ ಋಣ ಉಳಿದೇ ಇದೆ. ಈ ಪರ್ವಕಾಲದಲ್ಲಿ ಮಕ್ಕಳ ಕೈಯಲ್ಲಿರುವ ಯಂತ್ರವನ್ನು ಕಸಿದುಕೊಳ್ಳುವ ಮುನ್ನ ವಾಚಕರು ಅವರ ಬಳಿ ಕುಳಿತು, "ಇದು ನಿನಗೆ ಹೇಗೆ ಬಂದಿತು?" ಎಂದು ಒಮ್ಮೆ ಸಮಾಧಾನದಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ಅದೇ ಪ್ರಶ್ನೆಯನ್ನು ನಮ್ಮ ಕಪಾಟುಗಳನ್ನು ಕುರಿತು ಅವರು ಕೇಳಿದರೆ ಉತ್ತರಿಸುವುದಕ್ಕೆ ನಾವೂ ಸಿದ್ಧರಾಗಿರಬೇಕು.